ಥಂಡರ್‌ಬರ್ಡ್‌ನಲ್ಲಿ ನ್ಯೂಸ್‌ಗ್ರೂಪ್: ಮಲೆನಾಡಿನ ಮಳೆಗಾಲಕ್ಕೆ ಒಗ್ಗುತ್ತಾ?

ಗೂಗಲ್ ಗ್ರೂಪ್ಸ್‌ನಲ್ಲಿ ಸಿ ಪ್ರೋಗ್ರಾಮಿಂಗ್ ಭಾಷೆಯ ನ್ಯೂಸ್‌ಗ್ರೂಪ್ (ಚರ್ಚೆಯ ಗುಂಪು) ಕಾಂಪ್.ಲ್ಯಾಂಗ್.ಸಿ ತೆರೆದರೆ 2024ರ ಫೆಬ್ರವರಿ 22ರ ಆಚೆಗಿನ ಒಂದು ಮಾತೂ ಕಾಣುವುದಿಲ್ಲ. ಶಿವಮೊಗ್ಗದ ಕಾಲೇಜು ಲ್ಯಾಬ್‌ನಲ್ಲಿ ಸಿ ಕಲಿಯುವ ಹುಡುಗರು ಅದನ್ನು ನೋಡಿ, ಇದು ಮುಗಿದ ಕಥೆ ಅಂದುಕೊಂಡು ಟ್ಯಾಬ್ ಮುಚ್ಚುತ್ತಾರೆ. ಮುಗಿದಿರುವುದು ಗೂಗಲ್‌ನ ಸಂಪರ್ಕ ಮಾತ್ರ. ಆ ದಿನದಿಂದ ಅದು ಯೂಸ್‌ನೆಟ್‌ನ, ಅಂದರೆ ಇಂಥ ಗುಂಪುಗಳೆಲ್ಲ ನಡೆಯುವ ಜಾಲದ, ಹೊಸ ಬರಹಗಳನ್ನು ತರಿಸಿಕೊಳ್ಳುವುದನ್ನೂ ತನ್ನಲ್ಲಿಂದ ಕಳಿಸುವುದನ್ನೂ ನಿಲ್ಲಿಸಿತು. ಹಳೆಯ ಸಂಗ್ರಹವನ್ನಷ್ಟೇ ಓದಲು ಉಳಿಸಿತು. ಗುಂಪಿನಲ್ಲಿ ಮಾತುಕತೆ ನಡೆದೇ ಇದೆ, ಬೇರೆ ಸರ್ವರ್‌ಗಳಲ್ಲಿ. ಜೊತೆಗೆ ಗೂಗಲ್ ದಾರಿಯಲ್ಲಿ ನುಗ್ಗುತ್ತಿದ್ದ ಸ್ಪ್ಯಾಮ್ ಕೂಡ ಅವತ್ತೇ ನಿಂತಿತು ಅನ್ನುವುದು ಹಳಬರಿಗೆ ಸಿಕ್ಕ ಬೋನಸ್ಸು.

ಯೂಸ್‌ನೆಟ್ ವೆಬ್‌ಗಿಂತ ಹತ್ತು ವರ್ಷ ಹಿರಿಯದು. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಇದನ್ನು ಯೋಚಿಸಿದರು. ಆಗ ಕಂಪ್ಯೂಟರ್‌ಗಳು ಫೋನ್ ಲೈನಿಗೆ ಮೋಡೆಮ್ ಹಚ್ಚಿ ಒಂದಕ್ಕೊಂದು ಕಡತ ದಾಟಿಸುತ್ತಿದ್ದವು. ಬರಹಗಳನ್ನು ಸಾಗಿಸಲು ಇಂದಿಗೂ ಬಳಕೆಯಲ್ಲಿರುವ ಎನ್‌ಎನ್‌ಟಿಪಿ ನಿಯಮಾವಳಿ ಬಂದದ್ದು 1986ರಲ್ಲಿ. ಈ ಜಾಲಕ್ಕೆ ಯಜಮಾನ ಅಂತ ಯಾರೂ ಇಲ್ಲ. ನೀವು ಒಂದು ಸರ್ವರ್‌ಗೆ ಕೊಟ್ಟ ಬರಹ ಅದರ ನೆರೆಯ ಸರ್ವರ್‌ಗೆ, ಅಲ್ಲಿಂದ ಇನ್ನೊಂದಕ್ಕೆ ನಕಲಾಗುತ್ತಾ ಹೋಗುತ್ತದೆ. ವೆಬ್ ಪುಟ ಅನ್ನುವುದು ಈ ಗುಂಪನ್ನು ನೋಡಲು ಯಾರೋ ಇಟ್ಟ ಒಂದು ಕಿಂಡಿ. ಕಿಂಡಿಯನ್ನೇ ಗುಂಪು ಅಂದುಕೊಂಡವರಿಗೆ ಅದು ಮುಚ್ಚಿದ ದಿನ ಗುಂಪೂ ಮುಚ್ಚಿತು.

ಇಲ್ಲಿ ತೂಗಿ ನೋಡುತ್ತಿರುವ ಜೋಡಿ ಇದು: ಓದಲು ಮತ್ತು ಬರೆಯಲು ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ, ಸರ್ವರ್ ಆಗಿ ಎಟರ್ನಲ್ ಸೆಪ್ಟೆಂಬರ್. ಎರಡಕ್ಕೂ ಕಾಸಿಲ್ಲ. ಎಟರ್ನಲ್ ಸೆಪ್ಟೆಂಬರ್ ಪಠ್ಯದ ಗುಂಪುಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಸಿನಿಮಾ, ಕಡತ ಹಂಚುವ ಗುಂಪುಗಳು ಸಿಗುವುದಿಲ್ಲ. ತಾಂತ್ರಿಕ ಸಹಾಯ ಬೇಕಾದವರಿಗೆ ಅದು ಬೇಕಾಗಿಯೂ ಇಲ್ಲ. (ಹೆಸರಿನ ಹಿಂದೆ ಒಂದು ತಮಾಷೆ ಇದೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕಾಲೇಜುಗಳಿಗೆ ಸೇರಿದ ಹೊಸ ಹುಡುಗರು ರೀತಿರಿವಾಜು ತಿಳಿಯದೆ ಗುಂಪುಗಳಿಗೆ ನುಗ್ಗುತ್ತಿದ್ದರು, ತಿಂಗಳೊಪ್ಪತ್ತಿನಲ್ಲಿ ಪಳಗುತ್ತಿದ್ದರು. 1993ರಿಂದ ಹೊಸಬರ ಹೊಳೆ ನಿಲ್ಲಲೇ ಇಲ್ಲ, ಹಾಗಾಗಿ ಅದು ಮುಗಿಯದ ಸೆಪ್ಟೆಂಬರ್.)

ಹೊಂದಿಸಲು ಹತ್ತು ನಿಮಿಷ ಸಾಕು, ಆದರೆ ಎಡವುವ ಜಾಗಗಳಿವೆ. ಮೊದಲು ಸರ್ವರ್‌ನ ತಾಣದಲ್ಲಿ ನೋಂದಾಯಿಸಿ ಬಳಕೆದಾರ ಹೆಸರು, ಪಾಸ್‌ವರ್ಡ್ ಪಡೆಯಬೇಕು. ಥಂಡರ್‌ಬರ್ಡ್‌ನ ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ ನ್ಯೂಸ್‌ಗ್ರೂಪ್ ಅಕೌಂಟ್ ಸೇರಿಸುವ ಆಯ್ಕೆ ಹುಡುಕಿ. ಆವೃತ್ತಿ ಬದಲಾದಂತೆ ಅದರ ಜಾಗ ಅತ್ತಿತ್ತ ಆಗುತ್ತದೆ. ಸರ್ವರ್ ಹೆಸರು ನ್ಯೂಸ್.ಎಟರ್ನಲ್-ಸೆಪ್ಟೆಂಬರ್.ಆರ್ಗ್. ಪೋರ್ಟ್ 119 ಅಂತ ತಾನೇ ತುಂಬಿಕೊಂಡಿರುತ್ತದೆ, ಅದರಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟು ಹೋಗುತ್ತದೆ. 563 ಮಾಡಿ, ಕನೆಕ್ಷನ್ ಸೆಕ್ಯೂರಿಟಿಯನ್ನು ಎಸ್‌ಎಸ್‌ಎಲ್/ಟಿಎಲ್‌ಎಸ್‌ಗೆ ತಿರುಗಿಸಿ. ಎರಡರಲ್ಲಿ ಒಂದನ್ನೇ ಬದಲಿಸಿದರೆ ಸಂಪರ್ಕ ಸಿಗದೆ ಸುಮ್ಮನೆ ಸುತ್ತುತ್ತಾ ಕೂರುತ್ತದೆ. ಜನ ಬಿಎಸ್‌ಎನ್‌ಎಲ್ ಲೈನನ್ನು ಬೈಯುತ್ತಾರೆ. ಸರ್ವರ್‌ಗೆ ಪ್ರತಿ ಸಲವೂ ಗುರುತು ಹೇಳುವ ಚೌಕಕ್ಕೆ ಗೆರೆ ಹಾಕಲು ಮರೆತರೆ ಗುಂಪುಗಳ ಪಟ್ಟಿ ಖಾಲಿ ಬರಬಹುದು. ಸರ್ವರ್ ಎರರ್ ಸಂಖ್ಯೆ ತೋರಿಸಿದರೆ, 480 ಅಂದರೆ ಗುರುತು ಕೇಳುತ್ತಿದೆ, 481 ಅಂದರೆ ಕೊಟ್ಟ ಪಾಸ್‌ವರ್ಡ್ ಒಪ್ಪಿಲ್ಲ, 441 ಅಂದರೆ ಬರಹವನ್ನೇ ತಿರಸ್ಕರಿಸಿದೆ. ಈ ಮೂರು ಸಂಖ್ಯೆ ಗೊತ್ತಿದ್ದರೆ ತೊಂಬತ್ತು ಭಾಗ ತಲೆನೋವು ಕಮ್ಮಿ.

ನಿಮ್ಮ ನಿಜವಾದ ಇಮೇಲ್ ವಿಳಾಸ ಹಾಕಬೇಡಿ. ನ್ಯೂಸ್‌ಗ್ರೂಪ್ ಬರಹದ ಫ್ರಮ್ ಸಾಲು ಜಗತ್ತಿಗೆಲ್ಲ ಕಾಣುತ್ತದೆ, ವಿಳಾಸ ಕೊಯ್ಯುವ ಯಂತ್ರಗಳಿಗೂ. ಕೊನೆಯಲ್ಲಿ ಡಾಟ್ ಇನ್‌ವ್ಯಾಲಿಡ್ ಇರುವ ವಿಳಾಸ ಕೊಟ್ಟರೆ ಸಾಕು. ಆ ಕೊನೆಹೆಸರನ್ನು ಇಂಥದ್ದಕ್ಕೆಂದೇ ಮೀಸಲಿಟ್ಟಿದ್ದಾರೆ. ಕಂಪೋಸಿಷನ್ ವಿಭಾಗದಲ್ಲಿ ಎಚ್‌ಟಿಎಂಎಲ್‌ನಲ್ಲಿ ಬರೆಯುವ ಆಯ್ಕೆಯ ಗೆರೆ ತೆಗೆಯಿರಿ, ಉತ್ತರ ಉದ್ಧರಣೆಯ ಕೆಳಗೆ ಶುರುವಾಗುವಂತೆ ಇಡಿ. ಇನ್ನೊಂದು, ಬಹಳ ಜನ ಬೀಳುವ ಹಳ್ಳ: ಥಂಡರ್‌ಬರ್ಡ್‌ನಲ್ಲಿ ರಿಪ್ಲೈ ಒತ್ತಿದರೆ ಉತ್ತರ ಬರೆದವರ ಇಮೇಲ್‌ಗೆ ಹೋಗುತ್ತದೆ, ಗುಂಪಿಗೆ ಹೋಗಬೇಕಾದರೆ ಫಾಲೋಅಪ್ ಒತ್ತಬೇಕು. ಆ ಕಡೆಯವರದ್ದೂ ಡಾಟ್ ಇನ್‌ವ್ಯಾಲಿಡ್ ವಿಳಾಸವಾದರೆ ನಿಮ್ಮ ಧನ್ಯವಾದ ಎಲ್ಲೂ ಮುಟ್ಟದೆ ವಾಪಸ್ ಬರುತ್ತದೆ.

ಮಲೆನಾಡಿಗೆ ಇದು ಯಾಕೆ ಒಗ್ಗುತ್ತದೆ ಅನ್ನುವುದು ಆಫ್‌ಲೈನ್ ಸೌಲಭ್ಯದಲ್ಲಿದೆ. ಜೂನ್‌ನಲ್ಲಿ ಮಳೆ ಹಿಡಿದರೆ ಹೊಸನಗರ, ಆಗುಂಬೆ ಕಡೆ ಕರೆಂಟು ಮತ್ತು ಸಿಗ್ನಲ್ಲು ಎರಡೂ ನೆಂಟರ ಹಾಗೆ, ಬಂದಾಗ ಬಂತು. ವೆಬ್ ಪುಟ ಚಿತ್ರ, ಸ್ಕ್ರಿಪ್ಟ್ ಎಲ್ಲ ಸೇರಿ ಎಂಬಿ ಲೆಕ್ಕದಲ್ಲಿ ಇಳಿಯುತ್ತದೆ, ಅರ್ಧಕ್ಕೆ ನಿಂತರೆ ಪೂರ್ತಿ ವ್ಯರ್ಥ. ನ್ಯೂಸ್‌ಗ್ರೂಪ್‌ನ ಮಾಮೂಲು ಬರಹ 2ರಿಂದ 5 ಕೆಬಿ. 500 ಬರಹಗಳ ತಲೆಬರಹ ಇಳಿಸಿದರೂ ಅಂದಾಜು 200 ಕೆಬಿ. ಹೊಸ ಗುಂಪಿಗೆ ಮೊದಲ ಸಲ ಹೋದಾಗ ಎಷ್ಟು ಇಳಿಸಲಿ ಅಂತ ಥಂಡರ್‌ಬರ್ಡ್ ಕೇಳುತ್ತದೆ. ಎಲ್ಲವೂ ಅನ್ನಬೇಡಿ, 500 ಸಾಕು. ಸಿಂಕ್ರೊನೈಸೇಷನ್ ವಿಭಾಗದಲ್ಲಿ ಗುಂಪುಗಳನ್ನು ಆಫ್‌ಲೈನ್ ಬಳಕೆಗೆ ಆರಿಸಿಟ್ಟು, ಸಿಗ್ನಲ್ ಸಿಕ್ಕಾಗ ಫೈಲ್, ಆಫ್‌ಲೈನ್, ಡೌನ್‌ಲೋಡ್/ಸಿಂಕ್ ನೌ ಒತ್ತಿದರೆ ಬರಹಗಳ ಒಡಲೂ ಇಳಿಯುತ್ತದೆ. ಇದನ್ನು ಮಾಡದಿದ್ದರೆ ಬರೀ ತಲೆಬರಹ ಇರುತ್ತದೆ. ಕರೆಂಟ್ ಹೋದ ಮೇಲೆ ತೆರೆದು ನೋಡಿ ನಿರಾಶರಾಗುವುದು ಇದರಿಂದಲೇ. ಆಫ್‌ಲೈನ್‌ನಲ್ಲಿ ಬರೆದ ಉತ್ತರ ಔಟ್‌ಬಾಕ್ಸ್‌ನಲ್ಲಿ ಕಾಯುತ್ತದೆ.

ಈಗ ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. ತೋಟದ ಅಂಚಿನಲ್ಲಿ ಮಗುಚುವ ಬಟ್ಟಲಿನ ಮಳೆಮಾಪಕ, ಮನೆಯೊಳಗೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. ಬಟ್ಟಲು ಮಗುಚಿದಾಗಲೆಲ್ಲ ಅಯಸ್ಕಾಂತ ರೀಡ್ ಸ್ವಿಚ್ಚನ್ನು ಒಮ್ಮೆ ಮುಚ್ಚುತ್ತದೆ. ಲೆಕ್ಕ ಮಾತ್ರ ಮಳೆಗಿಂತ ಜಾಸ್ತಿ ಬರುತ್ತಿದೆ. ವೆಬ್‌ನ ಪ್ರಶ್ನೋತ್ತರ ತಾಣದಲ್ಲಿ "ಮಳೆಮಾಪಕ ತಪ್ಪು ತೋರಿಸುತ್ತಿದೆ, ಸಹಾಯ ಮಾಡಿ" ಅಂದರೆ ಸ್ವಿಚ್ ಕುಣಿತದ ಹಳೆಯ ಪ್ರಶ್ನೆಯೊಂದಕ್ಕೆ ಕೊಂಡಿ ಹಾಕಿ, ಇದು ಅದರ ನಕಲು ಅಂತ ಮುಚ್ಚುವ ಸಂಭವವೇ ಹೆಚ್ಚು. ಕೊಂಡಿಯಲ್ಲಿರುವ ಉತ್ತರ ತಪ್ಪಲ್ಲ, ಅರ್ಧ.

ಕಾಂಪ್.ಸಿಸ್.ರಾಸ್ಪ್‌ಬೆರಿ-ಪೈ ಗುಂಪಿಗಾದರೆ ಪ್ರಶ್ನೆಯ ಹೂರಣ ಹೀಗಿರಬೇಕು (ಭಾಷೆ ಇಂಗ್ಲಿಷ್, ಸರಳವಾಗಿದ್ದರೆ ಸಾಕು): "ಪೈ 4. ಬಟ್ಟಲು 0.2 ಮಿ.ಮೀ.ಗೆ ಮಗುಚುತ್ತದೆ, ಆಲಿಕೆಯ ಬಾಯಿ 200 ಚದರ ಸೆಂ.ಮೀ. 100 ಮಿ.ಲೀ. ನೀರನ್ನು ನಿಧಾನ ಹನಿಸಿದೆ, 25 ಬರಬೇಕಿತ್ತು, 61 ಬಂತು. ಕೇಬಲ್ 25 ಮೀಟರ್, ಟೆಲಿಫೋನ್ ವೈರ್. ಪೈ ಒಳಗಿನ ಪುಲ್‌ಅಪ್ ಮಾತ್ರ ಬಳಸಿದೆ. ಕೋಡ್ ಕೆಳಗಿದೆ, 12 ಸಾಲು." 25 ಎಲ್ಲಿಂದ ಬಂತು? 200 ಚದರ ಸೆಂ.ಮೀ. ಬಾಯಿಯ ಮೇಲೆ 0.2 ಮಿ.ಮೀ. ಮಳೆ ಎಂದರೆ 4 ಮಿ.ಲೀ., 100ನ್ನು 4ರಿಂದ ಭಾಗಿಸಿ. ಈ ಒಂದು ಲೆಕ್ಕ ಪ್ರಶ್ನೆಯಲ್ಲಿದ್ದರೆ ಉತ್ತರಿಸುವವರು ನಿಮ್ಮನ್ನು ನೋಡುವ ರೀತಿಯೇ ಬೇರೆ.

ಗುಂಪಿನಲ್ಲಿ ಮೊದಲು ಬರುವುದು ಉತ್ತರವಲ್ಲ, ಮರುಪ್ರಶ್ನೆ: ಮಳೆ ಇಲ್ಲದ ದಿನ ಎಣಿಕೆ ಸೊನ್ನೆಯೇ? ಸೊನ್ನೆಯಾದರೆ ರೋಗ ಸ್ವಿಚ್ಚಿನ ಕುಣಿತ. ಮುಚ್ಚುವಾಗ ತುದಿಗಳು ಒಂದಕ್ಕೊಂದು ಬಡಿದು ಪುಟಿಯುತ್ತವೆ, ಪೈ ಪ್ರತಿ ಪುಟಿತವನ್ನೂ ಮಳೆ ಅಂತ ಬರೆದುಕೊಳ್ಳುತ್ತದೆ. ಆಗ ಕೋಡ್‌ನಲ್ಲಿ 0.2 ಸೆಕೆಂಡು ಕಿವುಡಾಗಿರಲು ಹೇಳಿದರೆ ಮುಗಿಯಿತು. ನಿಜವಾದ ಮಳೆ ತಪ್ಪಿಹೋಗುತ್ತದೆ ಅನ್ನುವ ಹೆದರಿಕೆ ಬೇಡ: ಆಗುಂಬೆಯ ಜಡಿಮಳೆ ಗಂಟೆಗೆ 100 ಮಿ.ಮೀ. ಹೊಡೆದರೂ 500 ಮಗುಚು, ಅಂದರೆ 7.2 ಸೆಕೆಂಡಿಗೆ ಒಂದು. ಬಿಸಿಲಿನ ದಿನವೂ ಎಣಿಕೆ ಏರುತ್ತಿದ್ದರೆ ರೋಗ ಬೇರೆ. ಪಂಪ್‌ಸೆಟ್ ಸ್ಟಾರ್ಟರಿನ ವೈರಿನ ಜೊತೆಗೇ ಈ ಕೇಬಲ್ ಎಳೆದಿದ್ದರೆ ಮೋಟರ್ ಹಾಕಿದಾಗಲೆಲ್ಲ ಪೈಗೆ ಮಳೆ ಬರುತ್ತದೆ. ಒಳಗಿನ ಪುಲ್‌ಅಪ್, ಅಂದರೆ ಪಿನ್ನನ್ನು 3.3 ವೋಲ್ಟಿನತ್ತ ಎಳೆದಿಡುವ ರೆಸಿಸ್ಟರ್, ಸುಮಾರು 50 ಕಿಲೋಓಮ್, ಅಷ್ಟು ಉದ್ದದ ವೈರಿಗೆ ತೀರಾ ಸಡಿಲ. ಪೈ ಬದಿಯಲ್ಲಿ 3.3 ವೋಲ್ಟಿಗೆ 10 ಕಿಲೋಓಮ್ ರೆಸಿಸ್ಟರ್, ಗ್ರೌಂಡಿಗೆ 100 ನ್ಯಾನೊಫ್ಯಾರಡ್ ಕೆಪಾಸಿಟರ್ ಹಾಕಿ. ಒಂದು ಮಿಲಿಸೆಕೆಂಡಿಗಿಂತ ಚಿಕ್ಕ ಚುಚ್ಚುಗಳು ಅಲ್ಲೇ ಕರಗುತ್ತವೆ. 5 ವೋಲ್ಟಿಗೆ ಎಳೆದೀರಿ ಜೋಕೆ, ಪಿನ್ ಸುಟ್ಟೀತು. ಕೇಬಲನ್ನು ಮೋಟರ್ ವೈರಿನಿಂದ ದೂರ ಸರಿಸಿ. ಇಷ್ಟು ಹೊರಬರಲು ನಾಲ್ಕೈದು ಸುತ್ತಿನ ಮಾತು ಬೇಕು, ಪ್ರಶ್ನೋತ್ತರ ತಾಣಗಳ ಚೌಕಟ್ಟು ಅಂಥ ಮಾತಿಗೆ ಜಾಗ ಕೊಡುವುದಿಲ್ಲ.

ಹಾಗಂತ ವೆಬ್ಬನ್ನು ತಳ್ಳಿಹಾಕುವುದು ಹಳಬರ ಜಂಬ. 2008ರಲ್ಲಿ ಶುರುವಾದ ಸ್ಟಾಕ್ ಓವರ್‌ಫ್ಲೋನಲ್ಲಿ ಉತ್ತರವನ್ನು ಆಮೇಲೂ ತಿದ್ದಬಹುದು, ಒಳ್ಳೆಯದು ಮೇಲೆ ಬರುತ್ತದೆ. ಎರರ್ ಮೆಸೇಜನ್ನು ಯಥಾವತ್ ಅಂಟಿಸಿ ಹುಡುಕುವುದಕ್ಕೆ ಅದಕ್ಕಿಂತ ಚುರುಕಾದದ್ದು ನ್ಯೂಸ್‌ಗ್ರೂಪ್‌ನಲ್ಲಿ ಇಲ್ಲ. ತಾರೀಖು ನೋಡಿಕೊಳ್ಳಿ ಅಷ್ಟೆ. ಮೇಲಿರುವ ಉತ್ತರ ಪೈಥಾನ್ 2ರ ಕಾಲದ್ದೂ ಇರಬಹುದು. ನ್ಯೂಸ್‌ಗ್ರೂಪ್‌ನಲ್ಲಿ ಕಳಿಸಿದ್ದನ್ನು ತಿದ್ದಲು ಆಗುವುದಿಲ್ಲ. ಅಳಿಸುವ ಕೋರಿಕೆಯನ್ನು ಎಷ್ಟೋ ಸರ್ವರ್‌ಗಳು ಕಿವಿಗೆ ಹಾಕಿಕೊಳ್ಳುವುದಿಲ್ಲ. ಕೋಡ್ ಜೊತೆ ಪಾಸ್‌ವರ್ಡ್ ಹೋಯಿತೋ, ಪಾಸ್‌ವರ್ಡ್ ಬದಲಿಸುವುದೊಂದೇ ದಾರಿ. ಚಿತ್ರ ಲಗತ್ತಿಸುವ ಹಾಗಿಲ್ಲ. ಸರ್ಕ್ಯೂಟನ್ನು ಅಕ್ಷರಗಳಲ್ಲೇ ಬಿಡಿಸಬೇಕು ಅಥವಾ ಬೇರೆಲ್ಲೋ ಇಟ್ಟು ಕೊಂಡಿ ಕೊಡಬೇಕು. ಹೊಸ ಜಾವಾಸ್ಕ್ರಿಪ್ಟ್ ಚೌಕಟ್ಟು, ಮೊಬೈಲ್ ಆ್ಯಪ್ ಬಗ್ಗೆ ಕೇಳಲು ಇಲ್ಲಿಗೆ ಬರಬೇಡಿ. ಸಿ, ಫೋರ್ಟ್ರಾನ್, ಟೆಕ್ (ಪುಟ ಜೋಡಣೆಯ ತಂತ್ರಾಂಶ), ಎಲೆಕ್ಟ್ರಾನಿಕ್ಸ್ ರಿಪೇರಿ ಇಂಥವುಗಳಲ್ಲಿ ಮೂವತ್ತು ವರ್ಷ ಕೂತವರು ಇನ್ನೂ ಕೂತಿದ್ದಾರೆ, ಸ್ವಲ್ಪ ಮುಂಗೋಪದ ಜೊತೆಗೆ.

ಟೆಕ್ ಅಂದಾಗ ಕನ್ನಡದವರಿಗೊಂದು ಮಾತು. ಟೆಕ್‌ನ ಒಂದು ರೂಪವಾದ ಲುವಾಲೇಟೆಕ್‌ನಲ್ಲಿ ಒತ್ತಕ್ಷರ ಕೂಡುತ್ತಿಲ್ಲ ಅನ್ನುವುದನ್ನು ಕಾಂಪ್.ಟೆಕ್ಸ್ಟ್.ಟೆಕ್‌ನಲ್ಲಿ ಕೇಳುವ ಮೊದಲು ಫಾಂಟ್ ಸಾಲಿನಲ್ಲಿ ರೆಂಡರರ್ ಹಾರ್ಫ್‌ಬಝ್, ಸ್ಕ್ರಿಪ್ಟ್ ಕನ್ನಡ ಅಂತ ಇದೆಯೇ ನೋಡಿ, ಬಹುಪಾಲು ಅಲ್ಲೇ ಬಗೆಹರಿಯುತ್ತದೆ. ಆದರೂ ಕೇಳಬೇಕಾದರೆ ಯೂನಿಕೋಡ್ ಕನ್ನಡವನ್ನೇ ಅಂಟಿಸಿ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಪಠ್ಯ ಅಂಟಿಸಿದರೆ ಆ ಬದಿಗೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ.

ಒಂದೇ ಪ್ರಶ್ನೆಯನ್ನು ನಾಲ್ಕು ಗುಂಪಿಗೆ ಬೇರೆಬೇರೆಯಾಗಿ ಕಳಿಸುವುದು ಇಲ್ಲಿ ಮಹಾಪರಾಧ. ಎರಡು ಗುಂಪು ಬೇಕೇಬೇಕಾದರೆ ಒಂದೇ ಬರಹದಲ್ಲಿ ಎರಡೂ ಹೆಸರು ಹಾಕಿ, ಉತ್ತರ ಎಲ್ಲಿಗೆ ಬರಬೇಕೆಂದು ಫಾಲೋಅಪ್-ಟು ಸಾಲಿನಲ್ಲಿ ಹೇಳಿ. ಉದ್ಧರಣೆಯನ್ನು ಕತ್ತರಿಸಿ ಬೇಕಾದಷ್ಟೇ ಉಳಿಸಿ. ಸಹಿ ನಾಲ್ಕು ಸಾಲು ದಾಟದಿರಲಿ. ಮೊದಲ ಪರೀಕ್ಷೆಯನ್ನು ಆಲ್ಟ್.ಟೆಸ್ಟ್‌ನಲ್ಲಿ ಮಾಡಿ, ಅಲ್ಲಿ ಯಾರೂ ಬೈಯುವುದಿಲ್ಲ.

ಹಳೆಯದನ್ನು ಹುಡುಕಲು ಮಾತ್ರ ಮತ್ತೆ ಗೂಗಲ್ ಗ್ರೂಪ್ಸ್‌ಗೇ ಹೋಗಬೇಕು. 1981ರಿಂದೀಚಿನ ಬರಹಗಳು ಅಲ್ಲಿವೆ. ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ಕಾಂಪ್.ಒಎಸ್.ಮಿನಿಕ್ಸ್‌ನಲ್ಲಿ ತಮ್ಮ ಹವ್ಯಾಸದ ಆಪರೇಟಿಂಗ್ ಸಿಸ್ಟಮ್ ಬಗ್ಗೆ ಬರೆದದ್ದೂ ಅದರೊಳಗಿದೆ. ಹುಡುಕಾಟ ಅಷ್ಟು ಹರಿತವಿಲ್ಲ, ಗುಂಪಿನ ಹೆಸರು ಕೊಟ್ಟು ಅದರೊಳಗೇ ಹುಡುಕಿ. ಇಮೇಲ್ ಪಟ್ಟಿಗಳಲ್ಲಿ ನಡೆಯುವ ಸಾಫ್ಟ್‌ವೇರ್ ಚರ್ಚೆಗಳು ಬೇಕಿದ್ದರೆ ಇದೇ ಥಂಡರ್‌ಬರ್ಡ್‌ನಲ್ಲಿ ನ್ಯೂಸ್.ಜಿಮೇನ್.ಐಒ ಅನ್ನು ಎರಡನೇ ಸರ್ವರ್ ಆಗಿ ಸೇರಿಸಬಹುದು, ಇನ್‌ಬಾಕ್ಸ್ ತುಂಬುವುದಿಲ್ಲ.

ಫೋನ್ ಒಂದೇ ಇರುವವರಿಗೆ ಈ ಜೋಡಿ ಆಗಿಬರುವುದಿಲ್ಲ. ಆಂಡ್ರಾಯ್ಡ್‌ನ ಥಂಡರ್‌ಬರ್ಡ್‌ನಲ್ಲಿ ನ್ಯೂಸ್‌ಗ್ರೂಪ್ ಸೌಲಭ್ಯ ಇಲ್ಲ. ಲ್ಯಾಪ್‌ಟಾಪ್ ಇದ್ದು ಮನೆಯಲ್ಲಿ ಸಿಗ್ನಲ್ ಇಲ್ಲದವರು ಅದನ್ನು ಕೊಟ್ಟೆಯಲ್ಲಿ ಸುತ್ತಿ ಸಂಜೆ ಏಳರ ಒಳಗೆ ಗುಡ್ಡ ಹತ್ತಿ, ಫೋನಿನ ಹಾಟ್‌ಸ್ಪಾಟ್‌ನಲ್ಲಿ ಒಂದು ಸಲ ಸಿಂಕ್ ಕೊಟ್ಟರೆ ಪ್ರಶ್ನೆ ಅಮೆರಿಕದ ಬೆಳಗಿಗೆ ಸರಿಯಾಗಿ ಮುಟ್ಟುತ್ತದೆ. ಉತ್ತರಕ್ಕೆ ಮರುದಿನ ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋದಾಗ ಇನ್ನೊಂದು ಸಲ.