ಹಾವಿನ ಪೊರೆ ಬಿಡಿಸುವ ಸ್ಪ್ರೇ: 890 ರೂಪಾಯಿ ಕೊಡುವ ಮೊದಲು ಇದೊಂದು ಓದಿ

ಆನ್‌ಲೈನಲ್ಲಿ ತರಿಸಿದ್ದು, ಎರಡು ತಿಂಗಳು ಕಳೆದ ಮೇಲೆ ಬರೀತಿದ್ದೇನೆ. ಬ್ರಾಂಡ್ ಹೆಸರು ಹಾಕುದಿಲ್ಲ, ಬೈಗುಳ ತಿನ್ಬೇಕಾದವ ಬಾಟಲಿಗಿಂತ ಜಾಸ್ತಿ ನಾನೇ. ಐದರಲ್ಲಿ ಎರಡು ಸ್ಟಾರ್.

ನಮ್ಮಲ್ಲಿ ಇರುದು ಬಾಲ್ ಪೈಥಾನ್ ಅನ್ನುವ ಸಣ್ಣ ಹೆಬ್ಬಾವು, ಮೂರು ವರ್ಷದ ಗಂಡು, ಗುಂಡ ಅಂತ ಹೆಸರು. ಆಫ್ರಿಕಾದ ಜಾತಿ, ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲಲ್ಲಿ ರಿಜಿಸ್ಟರ್ ಮಾಡಿ ಆಗಿದೆ, ಹೇಗೂ ಕೇಳ್ತೀರಲ್ಲ ಅಂತ ಮೊದಲೇ ಹೇಳಿದೆ. ನಮ್ಮ ಊರಿನ ಹೆಬ್ಬಾವು, ಕೇರೆ ಎಲ್ಲ ಹಿಡಿದು ಸಾಕ್ಲಿಕ್ಕಿಲ್ಲ, 1972ರ ವನ್ಯಜೀವಿ ಕಾಯ್ದೆ ಉಂಟು. ಅಮ್ಮನಿಗೆ ಮಾತ್ರ ಇವತ್ತಿಗೂ ಮಂಡೆಬಿಸಿ, ನಾಗರಪಂಚಮಿಗೆ ಮಂಗಳೂರು ಹತ್ರದ ಕುಡುಪು ದೇವಸ್ಥಾನಕ್ಕೆ ಹೋಗಿ ನಾಗನಿಗೆ ತನು (ಹಾಲು, ಎಳನೀರು) ಎರೆದು ಬರುವವರು ಅವರು, ಮನೆಗೆ ಬಂದ್ರೆ ಮಗನ ರೂಮಲ್ಲಿ ಗ್ಲಾಸಿನ ಪೆಟ್ಟಿಗೆಯಲ್ಲಿ ಹಾವು.

ಮೇ ತಿಂಗಳಲ್ಲಿ ಗುಂಡನ ಕಣ್ಣು ಹಾಲು ಬಿದ್ದ ಹಾಗೆ ನೀಲಿ ನೀಲಿ ಆಯ್ತು, ಊಟ ಬಿಟ್ಟ, ಅದೆಲ್ಲ ಮಾಮೂಲಿ, ಪೊರೆ ಬಿಡುವ ಮೊದಲು ಹಾಗೇ ಆಗುದು. ಕೆಲವು ದಿನದಲ್ಲಿ ಕಣ್ಣು ಪುನಃ ತಿಳಿ ಆಗ್ತದೆ, ಆಮೇಲೆ ಮೂತಿ ಉಜ್ಜಿ ಶುರು ಮಾಡಿದ್ರೆ ಸೆಕೆಗೆ ಚಂಡಿ ಆದ ಬನಿಯನ್ ತಿರುಗಿಸಿ ತೆಗೆದ ಹಾಗೆ ಇಡೀ ಪೊರೆ ಒಂದೇ ಪೀಸಲ್ಲಿ ಬರ್ಬೇಕು. ಈ ಸಲ ಬಂದದ್ದು ಹಪ್ಪಳದ ಚೂರಿನ ಹಾಗೆ. ಅಲ್ಲೊಂದು ಇಲ್ಲೊಂದು ತುಂಡು, ಬಾಲದ ತುದಿಯಲ್ಲಿ ಉಂಗುರದ ಹಾಗೆ ಒಂದು ಸುತ್ತು ಹಾಗೇ ಉಳೀತು, ಎಡಗಣ್ಣಿನ ಮೇಲಿನ ಪದರವೂ ಬರ್ಲಿಲ್ಲ. ನಾನು ಗಾಬರಿಯಲ್ಲಿ ಸ್ಪ್ರೇ ಆರ್ಡರ್ ಮಾಡಿದೆ.

ಬಾಟಲಿ ಹಿಂದೆ ಬರೆದದ್ದು ಓದಿದ್ರೆ ನೀರು, ಗ್ಲಿಸರಿನ್, ಆಲೋವೆರಾ. ಮೂರು ದಿನ ಹೊಡೆದೆ. ಹೊಡೆದು ಹತ್ತು ನಿಮಿಷ ಮೈ ಪಳಪಳ, ಆಮೇಲೆ ನೋಡಿದ್ರೆ ಪುನಃ ಒಣಕಲು, ಮೇಲಿಂದ ಪೆಟ್ಟಿಗೆಯಲ್ಲಿ ಹಾಸಿದ ಕೊಕೊಪೀಟಿನ (ತೆಂಗಿನ ನಾರಿನ) ಪುಡಿ ಎಲ್ಲ ಅಂಟಿ ಅಕ್ಕಿರೊಟ್ಟಿಗೆ ಬೂದಿ ಹಿಡಿದ ಹಾಗೆ ಕಾಣ್ತಿತ್ತು ಪಾಪ.

ಹಾವು ನೋಡುವ ಡಾಕ್ಟ್ರು ಸಿಗುದೇ ಕಷ್ಟ ಇಲ್ಲಿ, ನಾಯಿ ಬೆಕ್ಕು ದನ ಆದ್ರೆ ಸಿಗ್ತಾರೆ. ಕಡೆಗೆ ಸಿಕ್ಕಿದ ಡಾಕ್ಟ್ರು ಹಾವು ಮುಟ್ಟುವ ಮೊದಲು ಕೇಳಿದ್ದು ಒಂದೇ, "ಇದು ಇರುವ ರೂಮಲ್ಲಿ ಎಸಿ ಉಂಟಾ?" ಉಂಟು ಸಾರ್, ಸೆಕೆಗೆ ರಾತ್ರಿ ಹಗಲು ಓಡ್ತದೆ ಅಂದೆ. "ಮತ್ತೆಂತ ಮಾರ್ರೆ, ಅಡಿಯಿಂದ ಹಾವಿಗೆ ಬಿಸಿ ಕೊಡುವ ಹೀಟ್ ಮ್ಯಾಟ್ ಒಣಗಿಸ್ತದೆ, ಮೇಲಿಂದ ಎಸಿ."

ಆದ್ರೆ ಪೆಟ್ಟಿಗೆಯೊಳಗಿನ ತೇವಾಂಶದ ಮೀಟರಲ್ಲಿ ಯಾವಾಗಲೂ 70 ಪರ್ಸೆಂಟ್ ತೋರಿಸ್ತದಲ್ಲ ಅಂತ ನನ್ನ ವಾದ. ಮನೆಗೆ ಬಂದು ಪರೀಕ್ಷೆ ಮಾಡಿದೆ. ಬಾಟಲಿಯ ಮುಚ್ಚಳದಲ್ಲಿ ಪುಡಿಉಪ್ಪು, ಕರಗದೆ ಬರೀ ಚಂಡಿ ಆಗುವಷ್ಟು ನೀರು, ಅದನ್ನೂ ಮೀಟರನ್ನೂ ಜಿಪ್ ಕವರಲ್ಲಿ ಹಾಕಿ ಎಸಿ ಇಲ್ಲದ ಕಡೆ ಒಂದು ರಾತ್ರಿ ಬಿಟ್ರೆ 75 ತೋರಿಸ್ಬೇಕು. ನನ್ನ ಮುಳ್ಳಿನ ಮೀಟರು ಅಲ್ಲೂ 70, ಹೊರಗೆ ತೆಗೆದು ಎಸಿ ಎದುರು ಇಟ್ರೂ 70. ಮುಳ್ಳೇ ಅಲ್ಲಾಡುದಿಲ್ಲ! 380 ರೂಪಾಯಿಯ ಡಿಜಿಟಲ್ ಒಂದು ತಂದು ಇಟ್ಟೆ, 43. ಹೊರಗೆ ಚಪ್ಪಲಿಗೆ ಬೂಸ್ಟು ಹಿಡಿಯುವ ಊರು ನಮ್ಮದು, ಆ ಪೆಟ್ಟಿಗೆಯೊಳಗೆ ಮಾತ್ರ ಬಯಲುಸೀಮೆ.

ಡಾಕ್ಟ್ರು ಕಣ್ಣು ಮುಟ್ಲಿಕ್ಕೇ ಬಿಡ್ಲಿಲ್ಲ. ಇಕ್ಕಳ, ಸೆಲ್ಲೋಟೇಪು ಯಾವುದೂ ಬೇಡ, ಎಳೆದ್ರೆ ಕಣ್ಣೇ ಹಾಳಾಗ್ತದೆ, ಮುಂದಿನ ಪೊರೆ ಜೊತೆ ಬರ್ತದಾ ನೋಡುವ ಅಂದ್ರು. ಬಾಲದ್ದು ಬಿಡ್ಲಿಕ್ಕಿಲ್ಲ, ಆ ಉಂಗುರ ಒಣಗಿ ಬಿಗಿದ್ರೆ ರಕ್ತ ಹೋಗುದು ನಿಂತು ತುದಿ ಕಪ್ಪಾಗಿ ಬಿದ್ದೇ ಹೋಗ್ತದಂತೆ. ತೂತು ಇರುವ ಮುಚ್ಚಳದ ಡಬ್ಬಿಯಲ್ಲಿ ಸುಮಾರು 30 ಡಿಗ್ರಿಯ ಉಗುರುಬೆಚ್ಚಗಿನ ನೀರು, ಹಾವಿನ ಮೈ ಅರ್ಧ ಮುಳುಗುವಷ್ಟೇ, ಇಪ್ಪತ್ತು ನಿಮಿಷ, ನಾನು ಅಲ್ಲೇ ಕೂತಿದ್ದೆ. ಆಮೇಲೆ ಚಂಡಿ ಬೈರಾಸು ಕೈಯಲ್ಲಿ ಸಡಿಲ ಹಿಡಿದು ಅದರೊಳಗಿಂದ ಅವನನ್ನೇ ಹರಿದು ಹೋಗ್ಲಿಕ್ಕೆ ಬಿಟ್ಟೆ. ಎರಡನೇ ದಿನ ಉಂಗುರ ಬೈರಾಸಲ್ಲೇ ಉಳೀತು. ಬೈರಾಸು ಅಮ್ಮನದ್ದು, ಅವರಿಗೆ ಹೇಳ್ಲಿಲ್ಲ.

ಆಮೇಲೆ ಐಸ್‌ಕ್ರೀಮಿನ ದೊಡ್ಡ ಡಬ್ಬಿಗೆ ಬದಿಯಲ್ಲಿ ತೂತು ಮಾಡಿ, ಆರ್ಕಿಡ್ ನೆಡುವವರು ಹಾಕುವ ಸ್ಫ್ಯಾಗ್ನಮ್ ಮಾಸ್ (ಒಣಗಿಸಿದ ಪಾಚಿ) ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ ತುಂಬಿಸಿ, ಗುಂಡ ಒಳಗೆ ಹೋಗಿ ಕೂರ್ಲಿಕ್ಕೆ ಅಂತ ಪೆಟ್ಟಿಗೆಯಲ್ಲಿಟ್ಟೆ. ನರ್ಸರಿಯಲ್ಲಿ ಮಾಸ್ 120 ರೂಪಾಯಿ. ಹಿಂಡುದು ಮುಖ್ಯ, ನೀರು ತೊಟ್ಟಿಕ್ಕುವ ಹಾಗಿದ್ರೆ ಹೊಟ್ಟೆಯಡಿ ಗುಳ್ಳೆ ಏಳ್ತದೆ. ಪೆಟ್ಟಿಗೆಯ ಮೇಲಿನ ಜಾಲರಿ ಅರ್ಧ ಮುಚ್ಚಿದೆ, ಎಸಿಯ ಗಾಳಿ ನೇರ ಬಡಿಯದ ಮೂಲೆಗೆ ಪೆಟ್ಟಿಗೆ ಸರಿಸಿದೆ.

ಜೂನ್ ಕೊನೆಗೆ ಪುನಃ ಕಣ್ಣು ನೀಲಿ. ಮಳೆ ಬಂತಲ್ಲ ಅದಕ್ಕೇ ಸರಿಯಾಯ್ತು ಅಂತ ಹೇಳ್ಬೇಡಿ, ಬಟ್ಟೆ ಒಣಗಿಸ್ಲಿಕ್ಕೆ ಅದೇ ರೂಮಲ್ಲಿ ಎಸಿ ಡ್ರೈ ಮೋಡಲ್ಲಿ ಓಡ್ತಾ ಇತ್ತು, ರೂಮಲ್ಲಿ 48, ಮಾಸ್ ಡಬ್ಬಿಯೊಳಗೆ 82. ಸ್ಪ್ರೇ ಒಂದು ಸಲವೂ ಹೊಡೀಲಿಲ್ಲ. ಬೆಳಿಗ್ಗೆ ನೋಡುವಾಗ ಇಡೀ ಪೊರೆ ಡಬ್ಬಿಯ ತೂತಿಂದ ಹೊರಗೆ ಉದ್ದಕ್ಕೆ ಬಿದ್ದಿತ್ತು, ಗುಂಡನಿಗಿಂತ ಒಂದು ಗೇಣು ಜಾಸ್ತಿಯೇ ಇತ್ತು, ಕಳಚುವಾಗ ಹಿಗ್ಗುದದು. ತಲೆಯ ಭಾಗ ಬೆಳಕಿಗೆ ಹಿಡಿದು ನೋಡಿದೆ, ಎರಡು ಕಣ್ಣಿನ ಜಾಗದಲ್ಲೂ ಗಾಜಿನ ಬಿಂದಿಯ ಹಾಗೆ ಪುಟ್ಟ ಮುಚ್ಚಳ, ಎಡಗಡೆದು ಸ್ವಲ್ಪ ದಪ್ಪ, ಹಳೇದೂ ಜೊತೆಗೇ ಬಂದಿತ್ತು.

ಎರಡು ಸ್ಟಾರ್ ಕೊಟ್ಟದ್ದು ನಾಝಲಿಗೆ. ಭಾರೀ ನಯವಾಗಿ ಹೊಡೀತದೆ, ಒಳಗಿನದ್ದು ಚೆಲ್ಲಿ ತೊಳೆದು ಕೊಟ್ಟಿದ್ದೇನೆ, ಅಮ್ಮ ಈಗ ಆಂಥೂರಿಯಂಗೆ ನೀರು ಹೊಡೀಲಿಕ್ಕೆ ಇಟ್ಕೊಂಡಿದ್ದಾರೆ.