‘ಎಲ್ಲ ಸೇರಿ’ ಅಂದರು, ನಾವು ಹಡಗು ಹತ್ತಿದೆವು

ಬೇಸಿಗೆ ರಜೆಗೆ ಮಕ್ಕಳನ್ನೂ ವಯಸ್ಸಾದವರನ್ನೂ ಕಟ್ಟಿಕೊಂಡು ಸಿಂಗಪುರದಿಂದ ಕ್ರೂಸ್ ಹೋಗೋಣ ಅಂತ ಯೋಚನೆ ಮಾಡುತ್ತಿದ್ದರೆ, ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ನಾವು 2025ರ ಮೇ ಮೂರನೇ ವಾರ ಹೋಗಿದ್ದೆವು. ನಾನು, ನಮ್ಮ ಮನೆಯವರು, ಎಂಟನೇ ಕ್ಲಾಸಿನ ಮಗ, ನಾಲ್ಕನೇ ಕ್ಲಾಸಿನ ಮಗಳು, ಜೊತೆಗೆ ನಮ್ಮತ್ತೆ. ನಾಲ್ಕು ರಾತ್ರಿಯ ಪ್ರವಾಸ. ಸಿಂಗಪುರ, ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್, ಮತ್ತೆ ಸಿಂಗಪುರ.

ಬುಕ್ ಮಾಡಿದ್ದು ತುಮಕೂರಿನಲ್ಲೇ ಇರುವ ಒಂದು ಟ್ರಾವೆಲ್ಸ್‌ನಲ್ಲಿ. ಹೆಸರು ಹಾಕುವುದಿಲ್ಲ, ಕೇಳಬೇಡಿ. ವಿಮಾನವೂ ಸೇರಿ ಒಬ್ಬರಿಗೆ 84 ಸಾವಿರ. "ಎಲ್ಲ ಸೇರಿ ಮೇಡಂ, ನೀವು ಬಟ್ಟೆ ತುಂಬ್ಕೊಂಡು ಬಂದ್ರೆ ಸಾಕು" ಅಂದ ಅಲ್ಲಿಯ ಏಜೆಂಟ್. ಆ ‘ಎಲ್ಲ’ದೊಳಗೆ ಏನೇನಿದೆ ಅಂತ ನಾನು ಬರೆಸಿಕೊಳ್ಳಲಿಲ್ಲ. ತರಕಾರಿ ತಗೊಳ್ಳುವಾಗ ಐದು ರೂಪಾಯಿಗೆ ಚೌಕಾಸಿ ಮಾಡುವವಳು ನಾನು, ನಾಲ್ಕು ಲಕ್ಷಕ್ಕೆ ತಲೆಯಾಡಿಸಿ ಬಂದೆ.

ಆಮೇಲೆ ಒಂದೊಂದೇ ಹೊರಗೆ ಬಂತು. ಜಿಎಸ್‌ಟಿ ಶೇ. 5. ಟಿಸಿಎಸ್, ಅಂದರೆ ಪ್ರವಾಸದ ದುಡ್ಡು ಕಟ್ಟುವಾಗಲೇ ವಸೂಲಿ ಮಾಡುವ ತೆರಿಗೆ, ಆಗ ಶೇ. 5. ಬಂದರು ತೆರಿಗೆ ಬೇರೆ. ಸಿಂಗಪುರಕ್ಕೆ ಹೋಗುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬುವ ಅರೈವಲ್ ಕಾರ್ಡ್‌ಗೆ ತಲೆಗೆ 500 ರೂಪಾಯಿ ತಗೊಂಡ. ಅದು ಅವರ ಸರ್ಕಾರಿ ವೆಬ್‌ಸೈಟ್‌ನಲ್ಲಿ ಪೂರ್ತಿ ಉಚಿತ. ಐದು ನಿಮಿಷದ ಕೆಲಸ, ನನ್ನ ಮಗನೇ ಮಾಡುತ್ತಿದ್ದ.

ಹಡಗು ಹತ್ತುವ ಕಡೆಯೇ ಮೊದಲ ಪೆಟ್ಟು ಬಿತ್ತು. ಅತ್ತೆ ಕಷಾಯಕ್ಕೆ ಅಂತ ಎಲೆಕ್ಟ್ರಿಕ್ ಕೆಟಲ್ ತಂದಿದ್ದರು. ಬೆಂಕಿಯ ಭಯಕ್ಕೆ ಹಡಗಿನಲ್ಲಿ ಕೆಟಲ್, ಇಸ್ತ್ರಿ ಪೆಟ್ಟಿಗೆ ಯಾವುದನ್ನೂ ಬಿಡುವುದಿಲ್ಲ. ಚೀಟಿ ಕೊಟ್ಟು ಎತ್ತಿಟ್ಟುಕೊಂಡರು, ಇಳಿಯುವಾಗ ವಾಪಸ್ ಕೊಟ್ಟರು. ಮನೆಯಲ್ಲಿ ಮಾಡಿದ ಕೋಡುಬಳೆ, ಚಟ್ನಿಪುಡಿಯೂ ಹೋಯಿತು. ಅಂಗಡಿಯ ಸೀಲ್ ಇದ್ದ ಪೊಟ್ಟಣ ಮಾತ್ರ ಉಳಿಯಿತು. ಅಂದಹಾಗೆ ಗಸಗಸೆಯನ್ನು ಸಿಂಗಪುರಕ್ಕೇ ಒಯ್ಯುವ ಹಾಗಿಲ್ಲ, ಅಲ್ಲಿ ಅದು ಮಾದಕವಸ್ತುವಿನ ಲೆಕ್ಕ. ಮಸಾಲೆ ಡಬ್ಬಿ ಕಟ್ಟುವಾಗ ನೋಡಿಕೊಳ್ಳಿ.

ಅಲ್ಲೇ ಕಾರ್ಡ್ ಕೇಳುತ್ತಾರೆ. ಹಡಗಿನಲ್ಲಿ ನಗದು ನಡೆಯುವುದಿಲ್ಲ, ಎಲ್ಲ ರೂಮಿನ ಲೆಕ್ಕಕ್ಕೆ ಬರೆದು ಕೊನೆಯ ದಿನ ಕಾರ್ಡಿನಿಂದ ಎಳೆಯುತ್ತಾರೆ. ನಾವು ಡೆಬಿಟ್ ಕಾರ್ಡ್ ಕೊಟ್ಟೆವು, ತಪ್ಪು. ಖರ್ಚಿಗೆ ಮುಂಚೆಯೇ ಒಂದು ಮೊತ್ತ ಹಿಡಿದಿಟ್ಟುಕೊಂಡರು. ಊರಿಗೆ ಬಂದು ಎಂಟು ದಿನ ಆದ ಮೇಲೆ ಆ ದುಡ್ಡು ಖಾತೆಗೆ ಬಿಡುಗಡೆ ಆಯಿತು. ಕ್ರೆಡಿಟ್ ಕಾರ್ಡ್ ಇದ್ದರೆ ಅದನ್ನೇ ಕೊಡಿ.

ದೊಡ್ಡ ಪೆಟ್ಟು ಟಿಪ್ಸ್. ನಮ್ಮಲ್ಲಿ ಟಿಪ್ಸ್ ಅಂದರೆ ತಟ್ಟೆಯಲ್ಲಿ ಇಪ್ಪತ್ತು ರೂಪಾಯಿ ಬಿಟ್ಟು ಏಳುವುದು, ಅಲ್ವಾ? ಅಲ್ಲಿ ಅದು ದಿನದ ಲೆಕ್ಕದಲ್ಲಿ ತಾನಾಗಿಯೇ ಬೀಳುತ್ತದೆ. ನಮ್ಮ ಹಡಗಿನಲ್ಲಿ ಒಬ್ಬರಿಗೆ ಒಂದು ರಾತ್ರಿಗೆ 18 ಅಮೆರಿಕನ್ ಡಾಲರ್. ಮಕ್ಕಳಿಗೂ ಅಷ್ಟೇ. ಐದು ಜನ, ನಾಲ್ಕು ರಾತ್ರಿ, 360 ಡಾಲರ್. ರೂಪಾಯಿಯಲ್ಲಿ ಮೂವತ್ತು ಸಾವಿರ ದಾಟಿತು, ಅದರ ಮೇಲೆ ಬ್ಯಾಂಕಿನ ಫಾರಿನ್ ಕರೆನ್ಸಿ ಚಾರ್ಜು. ನಮ್ಮ ರೂಮು ಗುಡಿಸಿದ ಹುಡುಗನಿಗೆ ಕೊಡುವುದಕ್ಕೆ ಬೇಜಾರಿಲ್ಲ, ಪಾಪ ತಿಂಗಳುಗಟ್ಟಲೆ ಮನೆ ಬಿಟ್ಟಿರುತ್ತಾನೆ. ಬುಕಿಂಗ್ ಜೊತೆಗೇ ಇದನ್ನು ಮೊದಲೇ ಕಟ್ಟಬಹುದಿತ್ತಂತೆ. ಏಜೆಂಟ್ ಬಾಯಿ ಬಿಟ್ಟಿರಲಿಲ್ಲ, ಅದೇ ನನ್ನ ಸಿಟ್ಟು.

ಊಟ ಟಿಕೆಟ್‌ನಲ್ಲೇ ಸೇರಿದೆ ಅನ್ನುವುದು ನಿಜ. ಬಫೆಯಲ್ಲಿ ದಿನಾ ಅನ್ನ, ದಾಲ್, ಒಂದು ಪಲ್ಯ ಸಿಗುತ್ತಿತ್ತು. ಲೋಟದ ನೀರು ಸುಮ್ನೆ ಸಿಗುತ್ತದೆ, ಬಾಟಲ್ ನೀರಿಗೆ ದುಡ್ಡು. ರೂಮಿನ ಫ್ರಿಜ್ ಮೇಲಿದ್ದ ಎರಡು ಬಾಟಲ್ ಕುಡಿದು ನಾವು ಇದನ್ನು ಕಲಿತೆವು.

ಪೆನಾಂಗ್ ಚೆನ್ನಾಗಿತ್ತು, ಅದನ್ನೂ ಹೇಳಬೇಕು. ಹಡಗು ಜಾರ್ಜ್ ಟೌನ್‌ನ ಕಟ್ಟೆಗೇ ಬಂದು ನಿಲ್ಲುತ್ತದೆ. ನಡೆದುಕೊಂಡು ಹೋದರೆ ಲಿಟಲ್ ಇಂಡಿಯಾ. ಅಲ್ಲಿ ಬಾಳೆ ಎಲೆ ಊಟ ಸಿಕ್ಕಿತು. ಅತ್ತೆ ಎರಡು ಸಲ ಸಾರು ಹಾಕಿಸಿಕೊಂಡರು. ಇಡೀ ಪ್ರವಾಸದಲ್ಲಿ ಅವರು ನಕ್ಕಿದ್ದು ಅಲ್ಲಿ ಒಂದೇ ಕಡೆ.

ಪೆನಾಂಗ್‌ವರೆಗೆ ಮಲಾಕ್ಕಾ ಜಲಸಂಧಿ. ಎರಡೂ ಕಡೆ ನೆಲ ಇರುವುದರಿಂದ ನೀರು ಕೆರೆಯ ಹಾಗೆ ಇತ್ತು. ಅಲ್ಲಿಂದ ಉತ್ತರಕ್ಕೆ ಅಂಡಮಾನ್ ಸಮುದ್ರ ತೆರೆದುಕೊಳ್ಳುತ್ತದೆ. ಏಜೆಂಟ್ ಹೇಳದೇ ಬಿಟ್ಟ ಇನ್ನೊಂದು ವಿಷಯ ಇಲ್ಲಿದೆ. ನಮ್ಮ ಮಕ್ಕಳಿಗೆ ರಜೆ ಇರುವುದು ಏಪ್ರಿಲ್, ಮೇ. ಫುಕೆಟ್ ಕಡೆ ನೈಋತ್ಯ ಮುಂಗಾರು ಶುರುವಾಗುವುದು ಮೇನಲ್ಲೇ, ಅಕ್ಟೋಬರ್‌ವರೆಗೂ ಇರುತ್ತದೆ. ಆ ವರ್ಷ ಮಳೆ ಇನ್ನೂ ಬೇಗ ಬಂತು. ಮೇ 13ಕ್ಕೇ ನಿಕೋಬಾರ್ ಮುಟ್ಟಿತ್ತು, 24ಕ್ಕೆ ಕೇರಳ. ನಾವು ಸರಿಯಾಗಿ ಮಧ್ಯದಲ್ಲಿ ಸಿಕ್ಕಿಕೊಂಡೆವು.

ನಮ್ಮದು ಕಿಟಕಿ ಇಲ್ಲದ ರೂಮು, ಹಡಗಿನ ಮೂತಿಯ ಕಡೆ. ‘ರೂಮ್ ನಂಬರ್ ಆಮೇಲೆ ಕೊಡುತ್ತಾರೆ’ ಅನ್ನುವ ಟಿಕೆಟ್ ಅಗ್ಗ, ಯಾಕೆ ಅಗ್ಗ ಅಂತ ಆ ರಾತ್ರಿ ಗೊತ್ತಾಯಿತು. ಮುಂದೆ, ಹಿಂದೆ ತೂಗಾಟ ಜಾಸ್ತಿ. ಮಧ್ಯದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕಡಿಮೆ. ಅತ್ತೆಗೆ ರಾತ್ರಿ ಹನ್ನೊಂದಕ್ಕೆ ವಾಂತಿ ಶುರುವಾಯಿತು, ಹಿಂದೆಯೇ ಮಗಳಿಗೆ. ಅವೋಮಿನ್ ಮಾತ್ರೆ ಬ್ಯಾಗಿನಲ್ಲೇ ಇತ್ತು. ಆದರೆ ಅದನ್ನು ತೂಗಾಟ ಶುರುವಾಗುವ ಮೊದಲೇ ನುಂಗಬೇಕು. ವಾಂತಿ ಶುರುವಾದ ಮೇಲೆ ಕೊಟ್ಟರೆ ಮಾತ್ರೆಯೂ ಆಚೆಗೇ. "ದೇವರಾಯನದುರ್ಗದ ತಿರುವಿನಲ್ಲೇ ನಂಗೆ ಆಗಲ್ಲ ಅಂತ ಗೊತ್ತಿಲ್ವೇನಮ್ಮ ನಿಂಗೆ?" ಅಂತ ಅತ್ತೆ ಕೇಳಿದರು. ಗೊತ್ತಿತ್ತು. ಹಡಗು ದೊಡ್ಡದು, ಅಲ್ಲಾಡಲ್ಲ ಅಂತ ಏಜೆಂಟ್ ಹೇಳಿದ್ದನ್ನು ನಂಬಿದ್ದೆ.

ಹಡಗಿನ ಡಾಕ್ಟರ್ ಇಂಜೆಕ್ಷನ್ ಕೊಟ್ಟರು. ಅದರ ಬಿಲ್ಲೂ ಡಾಲರ್‌ನಲ್ಲಿ. ಟ್ರಾವೆಲ್ ಇನ್ಶೂರೆನ್ಸ್ ಇತ್ತು, ಆದರೆ ಮೊದಲು ನಾವು ಕಟ್ಟಿ ಆಮೇಲೆ ಕೇಳಬೇಕು. ಬಿಲ್, ಚೀಟಿ ಎಲ್ಲ ಸಹಿ ಹಾಕಿಸಿಕೊಂಡು ತನ್ನಿ.

ಈಗ ಫುಕೆಟ್. ಇದನ್ನು ನೆನೆಸಿಕೊಂಡರೆ ಇವತ್ತಿಗೂ ಎದೆ ಹೊಡೆದುಕೊಳ್ಳುತ್ತದೆ. ಹಡಗು ದಡಕ್ಕೆ ಹೋಗಲಿಲ್ಲ, ಪಟೋಂಗ್ ಬೀಚಿನ ಎದುರಿಗೆ ಸಮುದ್ರದಲ್ಲೇ ಲಂಗರು ಹಾಕಿತು. ಚಿಕ್ಕ ದೋಣಿಗಳಲ್ಲಿ ಇಳಿಸಿ ಕರೆದುಕೊಂಡು ಹೋದರು. ಅತ್ತೆ ರೂಮಿನಲ್ಲೇ ಉಳಿದರು. ವಾಪಸ್ ಬರುವ ಕೊನೆಯ ದೋಣಿ ನಾಲ್ಕು ಗಂಟೆಗೆ. ಬೀಚಿನಲ್ಲಿ ಕೆಂಪು ಬಾವುಟ, ನೀರಿಗೆ ಇಳಿಯುವ ಹಾಗಿಲ್ಲ. ಸರಿ, ಅಂಗಡಿ ಸುತ್ತಿದೆವು. ಆಮೇಲೆ ಎಳನೀರು ಕುಡಿಯುತ್ತಾ ಕೂತೆವು. ತೆಂಗಿನ ಊರು ತಿಪಟೂರಿನ ಅಳಿಯ, ಅಂದರೆ ನಮ್ಮ ಮನೆಯವರು, ಥಾಯ್ಲೆಂಡ್‌ಗೆ ಹೋಗಿ ಎಳನೀರಿಗೆ ಇನ್ನೂರು ರೂಪಾಯಿ ಚಿಲ್ಲರೆ ಕೊಟ್ಟರು, ಈ ಮಾತು ಮನೆಯಲ್ಲಿ ಇನ್ನೂ ನಿಂತಿಲ್ಲ.

ಮೊಬೈಲ್‌ನಲ್ಲಿ ಆಗ ಎರಡೂ ಮುಕ್ಕಾಲು. ಇನ್ನೂ ಒಂದು ಗಂಟೆ ಮೇಲಿದೆ ಅಂತ ನಿಧಾನವಾಗಿದ್ದೆವು. ಬೆಳಿಗ್ಗೆ ಬಫೆಯಲ್ಲಿ ಮಾತಾಡಿದ್ದ ಹುಬ್ಬಳ್ಳಿಯ ಒಂದು ಕುಟುಂಬ ಎದುರಿಗೆ ಓಡುತ್ತಾ ಬಂತು. "ಏನ್ರೀ, ಇನ್ನೂ ಇಲ್ಲೇ ಕುಂತೀರಿ? ಹಡಗಿನ ಟೈಮ್ ನೋಡ್ರೀ!" ಅಂದರು.

ಹಡಗು ಪೂರ್ತಿ ಸಿಂಗಪುರದ ಗಡಿಯಾರದಲ್ಲೇ ನಡೆಯುತ್ತಿತ್ತು. ಥಾಯ್ಲೆಂಡ್ ಅದಕ್ಕಿಂತ ಒಂದು ಗಂಟೆ ಹಿಂದೆ. ದಡ ಮುಟ್ಟಿದ ಕೂಡಲೇ ಮೊಬೈಲ್ ಅಲ್ಲಿನ ಟೈಮ್‌ಗೆ ತಾನಾಗಿಯೇ ತಿರುಗಿಕೊಂಡಿತ್ತು. ಮಲೇಷ್ಯಾ, ಸಿಂಗಪುರ ಎರಡಕ್ಕೂ ಒಂದೇ ಟೈಮ್, ಹಾಗಾಗಿ ಪೆನಾಂಗ್‌ನಲ್ಲಿ ಮೊಬೈಲ್ ನೋಡಿಕೊಂಡೇ ಓಡಾಡಿದ್ದೆವು, ಏನೂ ಆಗಿರಲಿಲ್ಲ. ಇಲ್ಲಿ ಎರಡೂ ಮುಕ್ಕಾಲು ಅಂದರೆ ಹಡಗಿನಲ್ಲಿ ಮೂರೂ ಮುಕ್ಕಾಲು. ಮಗಳನ್ನು ಎತ್ತಿಕೊಂಡು ಮರಳಿನಲ್ಲಿ ಓಡಿದೆವು. ಚಪ್ಪಲಿ ಒಂದು ಅಲ್ಲೇ ಹೋಯಿತು. ಕೊನೆಯ ದೋಣಿಯ ಹಗ್ಗ ಬಿಚ್ಚುತ್ತಿದ್ದರು.

ಹಡಗಿನವರೇ ಕರೆದುಕೊಂಡು ಹೋದ ಟೂರ್ ತಡವಾದರೆ ಕಾಯುತ್ತಾರೆ. ನಮ್ಮ ಪಾಡಿಗೆ ನಾವು ಹೋಗಿ ತಡ ಮಾಡಿದರೆ ಬಿಟ್ಟು ಹೊರಟುಬಿಡುತ್ತಾರೆ. ಸಿಂಗಪುರಕ್ಕೆ ನಮ್ಮ ಖರ್ಚಿನಲ್ಲೇ ವಿಮಾನ ಹಿಡಿಯಬೇಕು. ಕಾಯಿಲೆಯ ಅತ್ತೆ ಒಬ್ಬರೇ ಹಡಗಿನಲ್ಲಿ, ಇಂಗ್ಲಿಷ್ ಬರುವುದಿಲ್ಲ, ಕೈಯಲ್ಲಿ ಫೋನೂ ಇಲ್ಲ. ಮೊಬೈಲ್ ಬಿಡಿ, ಕೈಗೆ ಮಾಮೂಲಿ ವಾಚು ಕಟ್ಟಿ ಹಡಗಿನ ಟೈಮ್‌ಗೆ ಇಟ್ಟುಕೊಳ್ಳಿ. ಬೀಗ ತೆಗೆಯುವ ಕಾರ್ಡಿನ ಜೊತೆ ದಿನಾ ಒಂದು ಹಾಳೆ ಕೊಡುತ್ತಾರೆ, ಅದರಲ್ಲಿ ಸಣ್ಣ ಅಕ್ಷರದಲ್ಲಿ ಇದು ಬರೆದಿತ್ತು. ಓದಿರಲಿಲ್ಲ, ಅದು ನಮ್ಮದೇ ತಪ್ಪು.

ಊರಿಗೆ ಬಂದ ಮೇಲೆ ಮೊಬೈಲ್ ಬಿಲ್ ಬಂತು, ಮಗನ ನಂಬರಿಗೆ 9 ಸಾವಿರ ಚಿಲ್ಲರೆ. ರೋಮಿಂಗ್ ಪ್ಯಾಕ್ ಹಾಕಿಸಿಯೇ ಹೋಗಿದ್ದೆವು. ಅದು ನೆಲದ ಮೇಲಿನ ಟವರ್‌ಗೆ ಮಾತ್ರ. ನಡುಸಮುದ್ರದಲ್ಲಿ ಫೋನು ಹಡಗಿನದೇ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದುಕೊಳ್ಳುತ್ತದೆ, ಅದರ ದರವೇ ಬೇರೆ. ಹಡಗು ಹತ್ತಿದ ಕೂಡಲೇ ಏರೋಪ್ಲೇನ್ ಮೋಡ್‌ಗೆ ಹಾಕಿಬಿಡಿ. ವೈಫೈ ಬೇಕಾದರೆ ಅದಕ್ಕೂ ದಿನದ ಲೆಕ್ಕದಲ್ಲಿ ದುಡ್ಡು.

ಕೊನೆಗೆ ಟಿಸಿಎಸ್. ಅದು ಹೋದ ದುಡ್ಡು ಅಂತಲೇ ಅಂದುಕೊಂಡಿದ್ದೆವು. ನಮ್ಮ ಆಡಿಟರ್ ಹೇಳಿದ ಮೇಲೆ ಗೊತ್ತಾಯಿತು, ಅದು ನಮ್ಮ ಪ್ಯಾನ್ ನಂಬರಿನಲ್ಲಿ ಜಮಾ ಆಗಿ, ರಿಟರ್ನ್ ಸಲ್ಲಿಸುವಾಗ ತೆರಿಗೆಯಲ್ಲಿ ಕಳೆಯುತ್ತದೆ, ಇಲ್ಲವೇ ವಾಪಸ್ ಬರುತ್ತದೆ. ನಮ್ಮ ಹೆಸರಿಗೆ ಜಮಾ ಆದ ತೆರಿಗೆ ತೋರಿಸುವ ಫಾರ್ಮ್ 26ಎಎಸ್ ತೆಗೆದು ನೋಡಿದರೆ ನಮ್ಮ 21 ಸಾವಿರ ಅಲ್ಲಿ ಇರಲೇ ಇಲ್ಲ. ಏಜೆಂಟ್‌ಗೆ ಫೋನ್ ಮಾಡಿದರೆ "ಆಗುತ್ತೆ ಮೇಡಂ" ಅಂದ. ಎರಡು ಸಲ ಹೋದಾಗ "ಸಾರ್ ಇಲ್ಲ" ಅಂದರು. ಮೂರನೇ ಸಲ ಅತ್ತೆಯನ್ನೂ ಕರೆದುಕೊಂಡು ಹೋಗಿ ಅವನ ಆಫೀಸಿನಲ್ಲಿ ಮಧ್ಯಾಹ್ನದವರೆಗೆ ಕೂತೆ. ಅತ್ತೆ ಬಂದವರಿಗೆಲ್ಲ ವಾಂತಿಯ ಕಥೆ ಹೇಳುತ್ತಿದ್ದರು. ಮುಂದಿನ ವಾರ 26ಎಎಸ್‌ನಲ್ಲಿ ದುಡ್ಡು ಕಾಣಿಸಿತು.