ಕರುವಿಗೆ ಕಂದು ರೋಗದ ಲಸಿಕೆ: 5ಕ್ಕೆ ಮೂರೂವರೆ ಅಂಕ

ಉಡುಪಿ ಹತ್ತಿರದ ನಮ್ಮೂರಿನಲ್ಲಿ ಹೋದ ತಿಂಗಳು ಕರುವಿಗೆ ಕಂದು ರೋಗದ ಲಸಿಕೆ ಹಾಕಿಸಿದೆವು. ಬ್ರುಸೆಲ್ಲೋಸಿಸ್ ಅನ್ನುತ್ತಾರಲ್ಲ, ಅದೇ. ಈ ರೋಗದಿಂದ ಕಂದು ಹಾಕಿದ, ಅಂದರೆ ಗರ್ಭ ಹೋದ, ದನದ ಮಾಸು ಬರಿಗೈಯಲ್ಲಿ ಎತ್ತಿದರೆ, ಹಸಿ ಹಾಲು ಕುಡಿದರೆ ನಮಗೂ ಅಂಟುತ್ತದೆ. ಲಸಿಕೆ ಸರ್ಕಾರದ್ದು, ದುಡ್ಡಿಲ್ಲ, ಹಟ್ಟಿಗೇ ಬಂದು ಹಾಕುತ್ತಾರೆ. 4ರಿಂದ 8 ತಿಂಗಳ ಹೆಣ್ಣು ಕರುವಿಗೆ ಮಾತ್ರ, ಜೀವನಕ್ಕೆ ಒಂದೇ ಸಲ.

ಮೊದಲು ಬೇಜಾರಿನದ್ದು ಹೇಳುತ್ತೇನೆ. ಲಸಿಕೆ ಹಾಕುವವರು ಎರಡು ಸಲ ದಿನ ಹೇಳಿ ಬರಲಿಲ್ಲ. ಕರುವಿಗೆ ಏಳು ತಿಂಗಳು ದಾಟಿತ್ತು, ನನಗೆ ತಲೆಬಿಸಿ. ಆಮೇಲೆ ಗೊತ್ತಾಯಿತು, ಲಸಿಕೆ ಪುಡಿಯಾಗಿ ಬರುತ್ತದೆ, ಒಂದು ಬಾಟಲಿ ಹಲವು ಕರುಗಳಿಗೆ ಆಗುತ್ತದೆ, ದ್ರಾವಣ ಬೆರೆಸಿದ ಮೇಲೆ ಇಟ್ಟುಕೊಳ್ಳುವಂತಿಲ್ಲ, ಹಾಗಾಗಿ ಸುತ್ತಲಿನ ನಾಲ್ಕೈದು ಕರು ಸೇರುವ ತನಕ ಕಾಯುತ್ತಾರೆ. ಅದನ್ನು ಫೋನಿನಲ್ಲೇ ಹೇಳಬಹುದಿತ್ತು ಅಲ್ವಾ?

ಬಂದವರ ಕೆಲಸ ಮಾತ್ರ ಚೊಕ್ಕ. ಐಸ್ ಡಬ್ಬಿ, ಗ್ಲೌಸ್, ಕಣ್ಣಿಗೆ ಕನ್ನಡಕ. ಕರು ಹಿಡಿದಿದ್ದ ನನಗೂ ಒಂದು ಜೊತೆ ಗ್ಲೌಸ್ ಕೊಟ್ಟರು. ಅಮ್ಮನಿಗೆ ನಗು. ಆದರೆ ಈ ಎಸ್19 ಲಸಿಕೆಯಲ್ಲಿ ಇರುವುದು ಬಲ ಕಡಿಮೆಯಾದ, ಜೀವಂತ ಬ್ಯಾಕ್ಟೀರಿಯಾ ಮಾರಾಯ್ರೆ! ಸೂಜಿ ತಪ್ಪಿ ಕೈಗೆ ಚುಚ್ಚಿದರೆ ಮನುಷ್ಯರಿಗೇ ಜ್ವರ, ಗಂಟುನೋವು ಬರಬಹುದು. ಗಬ್ಬದ ದನಕ್ಕೆ ಹಾಕಿದರೆ ಅದೇ ಕಂದು ಹಾಕಬಹುದು. ಮುಂದೆ ರಕ್ತ ಪರೀಕ್ಷೆ ಮಾಡಿದರೆ ಇದು ರೋಗದ್ದೋ ಲಸಿಕೆಯದ್ದೋ ಅನ್ನುವ ಗೊಂದಲ ಬೇರೆ.

ಮಂಗಳೂರಿನಲ್ಲಿ ಬಯೋಟೆಕ್ ಓದುವ ಅಕ್ಕನ ಮಗಳು "ಮಾಮಾ, ಡಿಎನ್‌ಎ ಲಸಿಕೆ ಬಂದರೆ ಈ ರಗಳೆ ಇಲ್ಲ" ಅಂದಳು. ಅದರಲ್ಲಿ ಬ್ಯಾಕ್ಟೀರಿಯಾವೇ ಇರುವುದಿಲ್ಲ, ಅದರ ಒಂದು ಪ್ರೋಟೀನಿನ ಜೀನ್ ಮಾತ್ರ, ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿ ಕೂರಿಸಿದ್ದು. ಚುಚ್ಚಿದ ಮೇಲೆ ಕರುವಿನ ಜೀವಕೋಶಗಳೇ ಆ ಪ್ರೋಟೀನ್ ತಯಾರಿಸುತ್ತವೆ, ದೇಹ ಅದರ ಗುರುತು ಹಿಡಿದುಕೊಳ್ಳುತ್ತದೆ. ಸೂಜಿ ತಾಗಿದರೂ ಕಂದು ರೋಗ ಬರುವ ಮಾತಿಲ್ಲ. ಎಲ್7/ಎಲ್12 ಎಂಬ ಪ್ರೋಟೀನಿನ ಜೀನನ್ನು ಇಲಿಗಳಿಗೆ ಹಾಕಿ ನೋಡಿದ್ದಾರೆ, ಸ್ವಲ್ಪ ರಕ್ಷಣೆ ಸಿಕ್ಕಿದೆ. ಆದರೆ ಇಲಿ ಎಲ್ಲಿ, ದನ ಎಲ್ಲಿ! ದೊಡ್ಡ ಪ್ರಾಣಿಗಳ ಮೈಯಲ್ಲಿ ಡಿಎನ್‌ಎ ಲಸಿಕೆಯ ಜೋರು ಸಾಮಾನ್ಯವಾಗಿ ಕಡಿಮೆ. ಅಮೆರಿಕದಲ್ಲಿ 2005ರಲ್ಲಿ ಕುದುರೆಗಳ ವೆಸ್ಟ್ ನೈಲ್ ಕಾಯಿಲೆಗೆ ಒಂದು, ನಮ್ಮಲ್ಲಿ 2021ರಲ್ಲಿ ಕೋವಿಡ್‌ಗೆ ಝೈಕೋವ್-ಡಿ ಎಂಬುದೊಂದು ಡಿಎನ್‌ಎ ಲಸಿಕೆ ಒಪ್ಪಿಗೆ ಪಡೆದವು, ಆದರೆ ಅವೆರಡೂ ವೈರಸ್ ಕಾಯಿಲೆ, ನಮ್ಮದು ಬ್ಯಾಕ್ಟೀರಿಯಾದ್ದು. ನಮ್ಮ ಕರುವಿನ ವಯಸ್ಸು ಅಲ್ಲಿಯ ತನಕ ಕಾಯುವುದಿಲ್ಲವಲ್ಲ. ಈಗಿರುವುದನ್ನೇ ಹಾಕಿಸಿ.

ಕಿವಿಯ ಬಿಲ್ಲೆಯ 12 ಅಂಕಿ ಬರೆದಿಟ್ಟುಕೊಳ್ಳಿ, ಕೇಳುತ್ತಾರೆ. ನಮ್ಮ ಕರುವಿಗೆ ಒಂದು ದಿನ ಮೈ ಬಿಸಿ ಇತ್ತು, ಮರುದಿನ ಹುಲ್ಲಿಗೆ ಬಾಯಿ ಹಾಕಿತು. ಒಂದೂವರೆ ಅಂಕ ಕಟ್ ಮಾಡಿದ್ದು ಅವರು ಮಾಡದ ಆ ಫೋನಿಗೆ.